ಬೆಂಗಳೂರಿನ ಲೆಕ್ಕದ ಪುಸ್ತಕ ಕಲ್ಲಲ್ಲಿದೆ

ಭಾಗ 1/10 · ಕ್ಯಾಂಟೀನ್ ಜಗಳ

ಸೆಮಿಸ್ಟರ್ ಎಕ್ಸಾಮ್ ಮುಗಿದ ದಿನ ಕ್ಯಾಂಟೀನಲ್ಲಿ ಟೀ ಕುಡೀತಾ ಕೂತಿದ್ವಿ. ಅಲ್ಲಿ ಶುರುವಾಯ್ತು ಆ ಹಳೇ ಜಗಳ: ನಿಜವಾದ ಬೆಂಗಳೂರಿನೋರು ಯಾರು? ಒಬ್ಬ ಹೇಳ್ದ, "ನಮ್ಮ ತಾತ ಚಿಕ್ಕಪೇಟೆಯಲ್ಲೇ ಹುಟ್ಟಿದ್ದು, ನಾವೇ ಒರಿಜಿನಲ್." ಕೋಲಾರದವಳು ನಕ್ಕಳು. ಹುಬ್ಬಳ್ಳಿಯವನು, "ಹಂಗಾರ ನಾವೇನು ಟೂರಿಗೆ ಬಂದೀವೇನು?" ಅಂದ. ಹಲಸೂರಲ್ಲಿ ಹುಟ್ಟಿ ಬೆಳೆದ, ಮನೇಲಿ ತಮಿಳು ಮಾತಾಡೋ ಗೆಳೆಯ ಮಾತ್ರ ಏನೂ ಹೇಳದೆ ಟೀ ಮುಗಿಸಿ ಎದ್ದು ಹೋದ. ಅವನು ಎದ್ದು ಹೋಗಿದ್ದು ನಂಗೆ ಬೇಜಾರಾಯ್ತು.

ನಾವೆಲ್ಲ ಬಿಕಾಂ. ಮೂರು ವರ್ಷದಿಂದ ಕಲಿತಿರೋದು ಒಂದೇ ಪಾಠ: ಬಾಯಿಮಾತು ನಡೆಯಲ್ಲ, ವೋಚರ್ ತೋರಿಸು. ಸರಿ, ಬೆಂಗಳೂರಿನ ವೋಚರ್ ಎಲ್ಲಿದೆ ಅಂತ ಹುಡುಕ್ಕೊಂಡು ಹೊರಟೆ. ನಾಲ್ಕು ಭಾನುವಾರ, ಒಂದು ಬಸ್ ಪಾಸು, ಒಂದು ಮೆಟ್ರೋ ಕಾರ್ಡು.

ಗೊತ್ತಾಗಿದ್ದು ಇಷ್ಟು. ನಾವು ಸೆಲ್ಫಿ ತೆಗೆಯೋ ದೇವಸ್ಥಾನ, ಕೋಟೆ, ಕಚೇರಿ ಎಲ್ಲವೂ ಒಂದು ದೊಡ್ಡ ಲೆಕ್ಕದ ಪುಸ್ತಕದ ಪುಟಗಳು. ಯಾರು ಕೊಟ್ರು, ಏನು ಕೊಟ್ರು, ಯಾರಿಗೆ ಕೊಟ್ರು ಅಂತ ಅಲ್ಲೇ ಬರೆದಿದೆ. ಕೆಲವು ಪುಟ ಹರಿದು ಹೋಗಿವೆ. ಅದರಲ್ಲಿ ಒಂದನ್ನ ಕಳ್ಕೊಂಡಿದ್ದು ನಾನೇ. ಅದನ್ನ ಕೊನೇ ಭಾಗದಲ್ಲಿ ಹೇಳ್ತೀನಿ.

ಜಾಗಗಳ ಕ್ರಮ ದಾರಿ ಪ್ರಕಾರ ಅಲ್ಲ, ಇಸವಿ ಪ್ರಕಾರ ಇದೆ. ಸೇವ್ ಮಾಡ್ಕೊಳ್ಳಿ, ಬಿಡುವಾದಾಗ ಓದಿ.

ಭಾಗ 2/10 · 📍 ಹೆಬ್ಬಾಳ, ಸುಮಾರು 750

ಹೆಬ್ಬಾಳ ಅಂದ್ರೆ ನಮಗೆ ಫ್ಲೈಓವರ್, ಟ್ರಾಫಿಕ್, ಏರ್‌ಪೋರ್ಟ್ ರೋಡು. ಅದೇ ಹೆಬ್ಬಾಳದ ಒಳಗಿನ ಬೀದಿಯಲ್ಲಿ ಒಂದು ವೀರಗಲ್ಲು ಇದೆ. ಈಗ ಅದಕ್ಕೊಂದು ಚಿಕ್ಕ ಮಂಟಪ ಕಟ್ಟಿದ್ದಾರೆ. 2018ರಲ್ಲಿ ಸಿಕ್ಕಿದ ಈ ಕಲ್ಲಿನ ವಯಸ್ಸು ಹತ್ತತ್ರ 1,270 ವರ್ಷ.

ಅದರ ಮೇಲಿರೋದು ಹಳಗನ್ನಡದ ಕೆಲವು ಸಾಲು. ಗಂಗರ ದೊರೆ ಶ್ರೀಪುರುಷ ಆಳ್ತಿದ್ದ ಕಾಲ. "ಪೆರ್ಬೊಳಲ್ನಾಡು ಮೂವತ್ತು" ಅನ್ನೋ ಸೀಮೆ. ಅಲ್ಲಿ ಕಿತ್ತಯ್ಯ ಅನ್ನೋನು ಹೋರಾಡಿ ಸತ್ತ. ಅಷ್ಟೇ ಕಥೆ.

"ಪೆರ್ಬೊಳಲ್" ಅಂದ್ರೆ ದೊಡ್ಡ ಊರು. ಪೊಳಲ್ ಅಂದ್ರೆ ಪಟ್ಟಣ. ಹಳಗನ್ನಡದ ಪಕಾರ ಮುಂದೆ ಹಕಾರ ಆಯ್ತು ಅಂತ ಪಿಯುಸಿ ಕನ್ನಡ ಮೇಷ್ಟ್ರು ಹೇಳಿದ್ರಲ್ಲ, ಪಾಲು ಹಾಲಾಯ್ತು, ಪೂವು ಹೂವಾಯ್ತು ಅಂತ. ಹಾಗೇ ಪೆರ್ಬೊಳಲ್ ಹೆಬ್ಬಾಳ ಆಯ್ತು. ಆಗ ಅದೇ ದೊಡ್ಡ ಪಟ್ಟಣ. "ಮೂವತ್ತು" ಅನ್ನೋದು ಆ ಕಾಲದ ಆಡಳಿತದ ಲೆಕ್ಕ. ನಾಡಿನ ಹೆಸರಿನ ಮುಂದೆ ಒಂದು ಸಂಖ್ಯೆ ಹಾಕ್ತಿದ್ರು.

ನಂಗೆ ತಟ್ಟಿದ್ದು ಬೇರೆ. ಕಿತ್ತಯ್ಯ ರಾಜ ಅಲ್ಲ. ಅರಮನೆ ಕಟ್ಟಿಸಲಿಲ್ಲ. ಆದ್ರೂ ಅವನ ಹೆಸರು ಉಳೀತು, ಯಾಕಂದ್ರೆ ಊರಿನೋರು ಒಂದು ಕಲ್ಲು ನಿಲ್ಲಿಸಿದ್ರು. ಬೆಂಗಳೂರು ಸೀಮೆಯಲ್ಲಿ ನಮಗೆ ಹೆಸರು ಗೊತ್ತಿರೋ ಅತಿ ಹಳೇ ಜನರಲ್ಲಿ ಅವನೂ ಒಬ್ಬ. ಲೆಕ್ಕದ ಪುಸ್ತಕದ ಓಪನಿಂಗ್ ಬ್ಯಾಲೆನ್ಸ್ ಒಬ್ಬ ಸಾಮಾನ್ಯನ ಪ್ರಾಣ.

ಭಾಗ 3/10 · 📍 ಬೇಗೂರು, ಸುಮಾರು 890

ಬೊಮ್ಮನಹಳ್ಳಿ ದಾಟಿ ಬೇಗೂರಿಗೆ ಹೋದ್ರೆ ಪಂಚಲಿಂಗೇಶ್ವರ ದೇವಸ್ಥಾನ. ನಾಗೇಶ್ವರ ಅಂತನೂ ಕರೀತಾರೆ. ಸುತ್ತ ಅಪಾರ್ಟ್‌ಮೆಂಟು, ಒಳಗೆ ಗಂಗರ ಕಾಲದ ತಣ್ಣನೆ ಗುಡಿ. ಇಲ್ಲಿನ ಒಂದು ಕಲ್ಲಿನ ಮೇಲೆ "ಬೆಂಗಳೂರು" ಅನ್ನೋ ಹೆಸರು ಬರುತ್ತೆ. ಕೆಂಪೇಗೌಡರಿಗಿಂತ ಆರೂವರೆ ಶತಮಾನ ಹಿಂದೆ!

"ಬೆಂದಕಾಳೂರು" ಕಥೆ ಎಲ್ರಿಗೂ ಗೊತ್ತು. ಹಸಿದು ಬಂದ ಹೊಯ್ಸಳ ರಾಜನಿಗೆ ಮುದುಕಿ ಬೆಂದ ಕಾಳು ಕೊಟ್ಟಳು, ಅದಕ್ಕೇ ಊರಿಗೆ ಆ ಹೆಸರು ಅಂತ. ಕಥೆ ಚೆನ್ನಾಗಿದೆ. ಆದ್ರೆ ಹೊಯ್ಸಳರು ದೊಡ್ಡೋರಾಗೋ ಮುಂಚೆನೇ ಊರಿಗೆ ಹೆಸರು ಇತ್ತು ಅಂತ ಈ ಕಲ್ಲು ಹೇಳುತ್ತೆ. ಆಡಿಟ್‌ನಲ್ಲಿ ಕಥೆ ಬಿದ್ದೋಯ್ತು.

ಶಾಸನ ಹೇಳೋದು ಬೆಂಗಳೂರು ಕಾಳಗದ ಬಗ್ಗೆ. ಆ ಕಾಳಗದಲ್ಲಿ ನಾಗತ್ತರ ಅನ್ನೋ ಅಧಿಕಾರಿಯ ಮಗ ಸತ್ತ. ನಾಗತ್ತರನ ಮನೆಯ ಪೆರ್ವೊಣಸೆಟ್ಟಿ ಅನ್ನೋನೂ ಸತ್ತ. ನಮ್ಮ ಊರಿನ ಹೆಸರು ಮೊದಲ ಸಲ ಬರೋದೇ ಒಂದು ಸಾವಿನ ನೋಟೀಸಲ್ಲಿ. ಅದು ಕನ್ನಡದಲ್ಲಿದೆ ಅನ್ನೋದೂ ನೆನಪಿರ್ಲಿ.

ಬೇಗೂರಿನ ಇನ್ನೊಂದು ದೊಡ್ಡ ವೀರಗಲ್ಲು ಈಗ ಕಸ್ತೂರ್ಬಾ ರಸ್ತೆಯ ಸರ್ಕಾರಿ ಮ್ಯೂಸಿಯಂನಲ್ಲಿದೆ. ಆನೆ, ಕುದುರೆ, ಬಿದ್ದ ಹೆಣ, ಬಿಲ್ಲು ಎಲ್ಲ ಕೆತ್ತಿರೋ ಯುದ್ಧದ ಚಿತ್ರ. ಅದರಲ್ಲಿ ನಾಗತ್ತರನೇ ಸಾಯ್ತಾನೆ. ಸುದ್ದಿ ಕೇಳಿದ ದೊರೆ ಎರೆಯಪ್ಪ, ಇರುಗ ಅನ್ನೋನಿಗೆ ನಾಗತ್ತರನ ಪಟ್ಟ ಕಟ್ಟಿ, "ಬೆಂಪೂರು ಹನ್ನೆರಡು" ಅನ್ನೋ ಸೀಮೆಯನ್ನ ಕೊಡ್ತಾನೆ. ಬೆಂಪೂರು ಅಂದ್ರೆ ಇದೇ ಬೇಗೂರು. ಯಾವ ಯಾವ ಹಳ್ಳಿ ಅಂತ ಪಟ್ಟಿನೂ ಇದೆ.

ಯುದ್ಧದಲ್ಲಿ ಸತ್ತವರ ಮನೆಗೆ ಕೊಡೋ ಜಮೀನಿಗೆ ಹಳೇ ಕನ್ನಡದಲ್ಲಿ "ನೆತ್ತರುಗೊಡಗೆ" ಅಂತ ಪದ ಇತ್ತು. ನೆತ್ತರಿಗೆ ಕೊಟ್ಟ ಕೊಡುಗೆ. ಇಂದಿನ ಫ್ಯಾಮಿಲಿ ಪೆನ್ಷನ್‌ಗೆ ಇಷ್ಟು ನೇರವಾದ ಹೆಸರು ಯಾರೂ ಇಟ್ಟಿಲ್ಲ.

ಭಾಗ 4/10 · 📍 ಮಡಿವಾಳ, ದೊಮ್ಮಲೂರು, 13ನೇ ಶತಮಾನ

ಈ ಭಾಗ ಟೀ ಮುಗಿಸಿ ಎದ್ದು ಹೋದ ಗೆಳೆಯನಿಗೆ. ಇಲ್ಲಿಗೆ ಹೋಗುವಾಗ ಅವನನ್ನೇ ಕರ್ಕೊಂಡು ಹೋದೆ.

ಮಡಿವಾಳ ಮಾರ್ಕೆಟ್ ಸದ್ದಿನ ಪಕ್ಕದಲ್ಲೇ ಸೋಮೇಶ್ವರ ದೇವಸ್ಥಾನ. ಹೊರಗೋಡೆ ತುಂಬ ಅಕ್ಷರ. ತಮಿಳು ಮತ್ತು ಗ್ರಂಥ ಲಿಪಿ. ಅದರಲ್ಲಿ ಹಳೇದು 1247ರದ್ದು. "ವೆಂಗಳೂರಿನ ದೊಡ್ಡ ಕೆರೆಯ ಕೆಳಗಿನ" ಜಮೀನನ್ನ ದಾನ ಕೊಟ್ಟ ಲೆಕ್ಕ ಅದು. ದಾನ ಕೊಟ್ಟೋನು ಬೇಗೂರಿನವನು. ಅಂದ್ರೆ ಹಿಂದಿನ ಭಾಗದಲ್ಲಿ ನೋಡಿದ ಅದೇ ಊರು. ಇನ್ನೊಂದು ಶಾಸನದಲ್ಲಿ "ತಾಮರೈಕ್ಕಿರೈ" ಅನ್ನೋ ಜಾಗದ ಜಮೀನು ಬರುತ್ತೆ. ತಾಮರೈ ಅಂದ್ರೆ ತಾವರೆ. ನಾವು ಇವತ್ತು ಬಿರಿಯಾನಿ ತಿನ್ನೋಕೆ ಹೋಗೋ ತಾವರೆಕೆರೆ ಅದೇ. ಕೆರೆನೂ ಇಲ್ಲ, ತಾವರೆನೂ ಇಲ್ಲ. ಗೋಡೆ ಮೇಲಿನ ಲೆಕ್ಕ ಮಾತ್ರ ಇದೆ.

ಅಲ್ಲಿಂದ ದೊಮ್ಮಲೂರಿನ ಚೊಕ್ಕನಾಥಸ್ವಾಮಿ ದೇವಸ್ಥಾನ. ಹಳೇ ತಮಿಳು ಶಾಸನಗಳಲ್ಲಿ ಈ ದೇವರ ಹೆಸರು ಸೊಕ್ಕಪ್ಪೆರುಮಾಳ್. ಒಂದು ಶಾಸನದಲ್ಲಿ ಗಂಡ ಹೆಂಡತಿ ಸೇರಿ ಗುಡಿಗೆ ಬಾಗಿಲುವಾಡ ಮಾಡಿಸಿಕೊಟ್ಟಿದ್ದು ದಾಖಲಾಗಿದೆ. ಹೊಯ್ಸಳರ ರಾಮನಾಥನ ಕಾಲದ ದಾನದ ಲೆಕ್ಕನೂ ಇಲ್ಲಿದೆ.

ರಾಜ ಹಳ್ಳಿ ಕೊಡ್ತಾನೆ, ಅದು ದೊಡ್ಡ ಮೊತ್ತ. ಆದ್ರೆ ಆ ದಂಪತಿ ಕೊಟ್ಟಿದ್ದು ಬಾಗಿಲಿನ ಚೌಕಟ್ಟು. ಮನೇಲಿ ಕೂತು ಎಷ್ಟು ಖರ್ಚಾಗುತ್ತೆ, ಎಷ್ಟು ಉಳಿಯುತ್ತೆ ಅಂತ ಲೆಕ್ಕ ಹಾಕಿರ್ತಾರೆ ಅಲ್ವಾ? ನಮ್ಮ ಅಪ್ಪ ಅಮ್ಮ ಊರ ದೇವಸ್ಥಾನಕ್ಕೆ ಟ್ಯೂಬ್‌ಲೈಟ್ ಕೊಡ್ಸಿ ಹೆಸರು ಬರೆಸೋ ಹಾಗೆ.

ಗೆಳೆಯ ಗೋಡೆ ಮೇಲೆ ಕಣ್ಣಿಟ್ಟು ಓದೋಕೆ ನೋಡ್ದ. ಹಳೇ ಅಕ್ಷರ, ಪೂರ್ತಿ ಬರ್ಲಿಲ್ಲ. ಮಧ್ಯೆ ಒಂದೆರಡು ಪದ ಹತ್ತಿತು. ಮುಖದಲ್ಲಿ ನಗು ಬಂತು. "ಈಗ ಹೇಳು, ನಾನು ಎಲ್ಲಿಯೋನು?" ಅಂದ. ನಾನು, "ಬಾರೋ, ಕಾಫಿ ಕುಡಿಯೋಣ" ಅಂದೆ.

ಭಾಗ 5/10 · 📍 ಪೇಟೆ, ಗವಿಪುರ, 1537ರಿಂದ

ಈಗ ಕೆಂಪೇಗೌಡರು. ಯಲಹಂಕದ ನಾಡಪ್ರಭು, ವಿಜಯನಗರದ ಸಾಮಂತ. 1537ರಲ್ಲಿ ಮಣ್ಣಿನ ಕೋಟೆ ಕಟ್ಟಿಸಿ ಪೇಟೆಗೆ ಅಡಿಪಾಯ ಹಾಕಿದ್ರು.

ಹಾಗಾದ್ರೆ 890ರ ಬೆಂಗಳೂರು, 1247ರ ವೆಂಗಳೂರು? ಊರು ಮುಂಚೆನೇ ಇತ್ತು, ನಿಜ. ಆದ್ರೆ ಊರು ಬೇರೆ, ಮಾರ್ಕೆಟ್ಟು ಬೇರೆ. ಕೆಂಪೇಗೌಡರು ಮಾಡಿದ್ದು ಎರಡನೇದು. ಕಸುಬಿಗೊಂದು ಬೀದಿ ಅಂತ ಹಂಚಿದ ನಗರ ಅದು. ಅಕ್ಕಿಪೇಟೆ, ಬಳೆಪೇಟೆ, ಅರಳೆಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ, ತರಗುಪೇಟೆ, ಉಪ್ಪಾರಪೇಟೆ. ಅವೆನ್ಯೂ ರೋಡಿಗೆ ಹಳೇ ಹೆಸರು ದೊಡ್ಡಪೇಟೆ. ಹೆಸರಿನಲ್ಲೇ ಬಿಸಿನೆಸ್ ಇದೆ. ಜೊತೆಗೆ ಕೆರೆಗಳು, ಯಾಕಂದ್ರೆ ಇಲ್ಲಿ ದೊಡ್ಡ ನದಿ ಇಲ್ಲ. ನೀರಿಲ್ಲದೆ ವ್ಯಾಪಾರಿ ನಿಲ್ಲಲ್ಲ ಅಂತ ಅವರಿಗೆ ಗೊತ್ತಿತ್ತು.

ನಮ್ಮಂಥ ಬಿಕಾಂ ಮಕ್ಕಳಿಗೆ ಇಷ್ಟವಾಗೋ ಕಥೆ ಒಂದಿದೆ. ಕೆಂಪೇಗೌಡರು ವಿಜಯನಗರದ ಅಪ್ಪಣೆ ಇಲ್ದೆ ಸ್ವಂತ ನಾಣ್ಯ ಹಾಕಿಸಿದ್ರಂತೆ. ಚಕ್ರವರ್ತಿ ಕರೆಸಿ ಆನೆಗೊಂದಿಯಲ್ಲಿ ಐದು ವರ್ಷ ಸೆರೆಯಲ್ಲಿಟ್ರಂತೆ. ಬಿಡುಗಡೆಯಾಗಿ ಬಂದ ಮೇಲೆ ಹರಕೆಯ ಹಾಗೆ ಗವಿ ಗಂಗಾಧರೇಶ್ವರ ಗುಡಿ ಕಟ್ಟಿಸಿದ್ರು ಅಂತ ಜನ ಹೇಳ್ತಾರೆ. ನಾಣ್ಯ ಹಾಕೋದು ಅಂದ್ರೆ ಸಣ್ಣ ಮಾತಲ್ಲ, "ನಾನೇ ಸರ್ಕಾರ" ಅಂದ ಹಾಗೆ. ಶಿಕ್ಷೆ ಯಾಕೆ ಅಷ್ಟು ದೊಡ್ಡದು ಅಂತ ಮನಿ ಅಂಡ್ ಬ್ಯಾಂಕಿಂಗ್ ಪಾಠ ಓದಿದೋರಿಗೆ ಅರ್ಥ ಆಗುತ್ತೆ.

ಗವಿಪುರದ ಗುಡಿಗೆ ಸಂಕ್ರಾಂತಿ ಸಂಜೆ ಹೋಗಿ. ಸೂರ್ಯನ ಬೆಳಕು ನಂದಿಯ ಕೊಂಬುಗಳ ನಡುವೆ ಹಾದು ಲಿಂಗದ ಮೇಲೆ ಬೀಳುತ್ತೆ. ಜನ ಜಾತ್ರೆ. ಬೇರೆ ದಿನ ಹೋದ್ರೆ ಅಂಗಳದಲ್ಲಿರೋ ಎರಡು ದೊಡ್ಡ ಕಲ್ಲಿನ ಚಕ್ರ, ಸೂರ್ಯಪಾನ ಮತ್ತು ಚಂದ್ರಪಾನ, ಸಮಾಧಾನವಾಗಿ ನೋಡಬಹುದು.

ಭಾಗ 6/10 · 📍 ಮಲ್ಲೇಶ್ವರ, 1669

ಮಲ್ಲೇಶ್ವರ ಅಂದ್ರೆ ಎಂಟನೇ ಕ್ರಾಸು, ದೋಸೆ, ಹೂವು. ಆ ಹೆಸರು ಬಂದಿದ್ದು ಕಾಡು ಮಲ್ಲೇಶ್ವರ ದೇವಸ್ಥಾನದಿಂದ. ಸಂಪಿಗೆ ರಸ್ತೆ ಮೆಟ್ರೋ ಇಳಿದ್ರೆ ನಡೆದೇ ಹೋಗಬಹುದು.

ಇಲ್ಲಿನ 1669ರ ಶಾಸನದಲ್ಲಿ ಮಲ್ಲಪುರದ ಮಲ್ಲಿಕಾರ್ಜುನ ದೇವರಿಗೆ ಮೇದರನಿಂಗನಹಳ್ಳಿ ಅನ್ನೋ ಗ್ರಾಮವನ್ನ ದಾನ ಕೊಟ್ಟಿದೆ. ಕೊಟ್ಟೋರು ಯಾರು? ಏಕೋಜಿ. ಛತ್ರಪತಿ ಶಿವಾಜಿಯ ಮಲಸಹೋದರ!

ಇವರು ಇಲ್ಲಿಗೆ ಹೇಗೆ ಬಂದ್ರು? 1638ರಲ್ಲಿ ಬಿಜಾಪುರದ ಸೈನ್ಯ ರಣದುಲ್ಲಾ ಖಾನನ ನಾಯಕತ್ವದಲ್ಲಿ ಬೆಂಗಳೂರನ್ನ ಗೆದ್ದಿತು. ಕೆಂಪೇಗೌಡರ ವಂಶದವರು ಮಾಗಡಿಗೆ ಸರಿದ್ರು. ಆ ಸೈನ್ಯದಲ್ಲಿದ್ದ ಶಹಾಜಿ ಭೋಸಲೆಗೆ ಬೆಂಗಳೂರು ಜಹಗೀರಾಗಿ ಬಂತು. ಶಹಾಜಿ ಶಿವಾಜಿಯ ತಂದೆ. ಅವರ ಇನ್ನೊಬ್ಬ ಮಗ ಏಕೋಜಿ, ಮುಂದೆ ತಂಜಾವೂರಿಗೆ ಹೋಗಿ ಅಲ್ಲೇ ರಾಜನಾದ.

ಈ ಪುಟವನ್ನ ಒಮ್ಮೆ ಕೂಡಿ ನೋಡಿ. ಬಿಜಾಪುರದ ಸುಲ್ತಾನನ ಅಧೀನದ ಮರಾಠಾ ಸರದಾರ, ಕನ್ನಡ ನಾಡಿನ ಹಳ್ಳಿಯೊಂದನ್ನ ಊರಿನ ಶಿವನಿಗೆ ಕೊಡ್ತಾನೆ. ಒಂದೇ ಎಂಟ್ರಿಯಲ್ಲಿ ಎಷ್ಟು ಜನ!

ದಾನಶಾಸನಗಳ ಕೊನೆಯಲ್ಲಿ ಸಾಮಾನ್ಯವಾಗಿ ಒಂದು ಶಾಪ ಇರುತ್ತೆ. ಈ ದಾನ ಕೆಡಿಸಿದೋರಿಗೆ ಗಂಗೆಯ ತಡಿಯಲ್ಲಿ ಗೋವು ಕೊಂದ ಪಾಪ ಬರಲಿ ಅಂತ. ಅದನ್ನ ನಾವು ಮೂಢನಂಬಿಕೆ ಅಂತ ನಗ್ತೀವಿ. ಆದ್ರೆ ಕೋರ್ಟು, ರಿಜಿಸ್ಟ್ರಾರ್ ಇಲ್ಲದ ಕಾಲದಲ್ಲಿ ಅದೇ ಪೆನಾಲ್ಟಿ ಕ್ಲಾಸ್. ಇಸವಿ, ಕೊಟ್ಟೋರು, ಪಡೆದೋರು, ಎಲ್ಲೆ, ಸಾಕ್ಷಿ, ದಂಡ: ಇವತ್ತಿನ ಪತ್ರದಲ್ಲಿ ಏನೇನು ಇರಬೇಕೋ ಎಲ್ಲ ಕಲ್ಲಲ್ಲೇ ಇದೆ.

ಭಾಗ 7/10 · 📍 ಕೋಟೆ, 1687ರಿಂದ 1791

ಇಡೀ ಬೆಂಗಳೂರು 3 ಲಕ್ಷ ರೂಪಾಯಿಗೆ ಹೋಗಿತ್ತು ಅಂದ್ರೆ ನಂಬ್ತೀರಾ?

ತಂಜಾವೂರು ಸಿಕ್ಕ ಮೇಲೆ ಏಕೋಜಿಗೆ ಇಷ್ಟು ದೂರದ ಬೆಂಗಳೂರು ಹೊರೆ ಆಯ್ತು. ಮೈಸೂರಿನ ಚಿಕ್ಕದೇವರಾಜ ಒಡೆಯರಿಗೆ ಮಾರೋಕೆ ಮಾತುಕತೆ ನಡೆಸಿದ. ಬೆಲೆ 3 ಲಕ್ಷ. ಅಷ್ಟರಲ್ಲಿ, 1687ರಲ್ಲಿ, ಔರಂಗಜೇಬನ ಸೇನಾಪತಿ ಖಾಸಿಂ ಖಾನ್ ಬಂದು ಊರನ್ನೇ ಹಿಡಿದ. ಮುಂದೆ ಅದೇ 3 ಲಕ್ಷವನ್ನ ಮೈಸೂರು ಮೊಘಲರಿಗೆ ಕೊಟ್ಟು ಬೆಂಗಳೂರು ಪಡೀತು. ಕ್ರಯ ಅಂತ ಕೆಲವರು, ಗುತ್ತಿಗೆ ಅಂತ ಕೆಲವರು ಬರೀತಾರೆ. ಅಡ್ವಾನ್ಸ್ ಮಾತು ಒಬ್ಬರ ಜೊತೆ, ರಿಜಿಸ್ಟ್ರೇಷನ್ ಇನ್ನೊಬ್ಬರ ಜೊತೆ. ಬೆಂಗಳೂರಿನ ರಿಯಲ್ ಎಸ್ಟೇಟ್ ಗುಣ ಆವತ್ತಿಂದಲೇ ಇದೆ ಗುರು!

ಕೆ.ಆರ್. ಮಾರ್ಕೆಟ್ ಮೆಟ್ರೋ ಇಳಿದ್ರೆ ಆ ಕಾಲದ ಪುಟಗಳೆಲ್ಲ ನಡಿಗೆಯ ದೂರದಲ್ಲಿವೆ. ಚಿಕ್ಕದೇವರಾಜ ಒಡೆಯರು ಕಟ್ಟಿಸಿದ ಕೋಟೆ ವೆಂಕಟರಮಣ ದೇವಸ್ಥಾನ. ಅದಕ್ಕೆ ಅಂಟಿಕೊಂಡೇ ಟಿಪ್ಪುವಿನ ಬೇಸಿಗೆ ಅರಮನೆ. ಹೈದರ್ ಅಲಿ 1781ರಲ್ಲಿ ಶುರು ಮಾಡಿದ, ಟಿಪ್ಪು 1791ರಲ್ಲಿ ಮುಗಿಸಿದ. ತೇಗದ ಕಂಬಗಳ ಮನೆ. ಒಳಗೆ ನಿಂತು ಕೇಳಿದ್ರೆ ಪಕ್ಕದ ಗುಡಿಯ ಗಂಟೆ ಕೇಳಿಸುತ್ತೆ. ಅರಮನೆ, ಗುಡಿ ಎರಡೂ ಒಂದೇ ಗಾಳಿಯಲ್ಲಿ ಇದ್ವು.

ಕೋಟೆಯಲ್ಲಿ ಈಗ ಉಳಿದಿರೋದು ದಿಲ್ಲಿ ಗೇಟಿನ ಸುತ್ತಲಿನ ಒಂದು ಚೂರು ಮಾತ್ರ. ಮಣ್ಣಿನ ಕೋಟೆಯನ್ನ ಹೈದರ್ 1761ರಲ್ಲಿ ಕಲ್ಲಲ್ಲಿ ಕಟ್ಟಿಸಿದ್ದ. 1791ರ ಮಾರ್ಚ್ 7ರಂದು ಕಾರ್ನ್‌ವಾಲಿಸ್‌ನ ಸೈನ್ಯ ಪೇಟೆ ಹಿಡೀತು. ಮಾರ್ಚ್ 21ರ ರಾತ್ರಿ ಕೋಟೆಗೆ ನುಗ್ಗಿತು. ಕೋಟೆಯ ಕಿಲ್ಲೇದಾರ ಬಹಾದ್ದೂರ್ ಖಾನ್ ವಯಸ್ಸಾದ ಮನುಷ್ಯ, ಕಾದಾಡುತ್ತಲೇ ಸತ್ತ. ಗೋಡೆಗೆ ಬ್ರಿಟಿಷರು ಕೂರಿಸಿದ ಫಲಕ ಇಲ್ಲಿ ಗೋಡೆ ಒಡೆದ್ವಿ ಅಂತ ಹೇಳುತ್ತೆ. ಕೋಟೆ ಉಳಿಸೋಕೆ ಸತ್ತ ಸಾಮಾನ್ಯ ಸಿಪಾಯಿಗಳ ಹೆಸರು ಆ ಫಲಕದಲ್ಲಿ ಇಲ್ಲ. ಕಿತ್ತಯ್ಯನಿಗೆ ಸಿಕ್ಕಿದ್ದ ಒಂದು ಕಲ್ಲು ಸಾವಿರ ವರ್ಷದ ನಂತರ ಇವರಿಗೆ ಸಿಗಲಿಲ್ಲ.

ಭಾಗ 8/10 · 📍 ತಿಗಳರಪೇಟೆ, ಪ್ರತಿ ವರ್ಷ

ಎಲ್ಲ ಲೆಕ್ಕನೂ ಕಲ್ಲಲ್ಲಿ ಇರಲ್ಲ. ಕೆಲವನ್ನ ಜನ ತಲೆ ಮೇಲೆ ಹೊತ್ಕೊಂಡು ತಿರುಗ್ತಾರೆ.

ತಿಗಳರಪೇಟೆಯ ಧರ್ಮರಾಯ ದೇವಸ್ಥಾನ ಪಾಂಡವರ, ದ್ರೌಪದಿಯ ಗುಡಿ. ಚೈತ್ರ ಹುಣ್ಣಿಮೆ ರಾತ್ರಿ ಇಲ್ಲಿಂದ ಕರಗ ಹೊರಡುತ್ತೆ. ತಿಗಳ ಸಮುದಾಯದ ಅರ್ಚಕರು ಹೆಣ್ಣಿನ ವೇಷದಲ್ಲಿ, ಮಲ್ಲಿಗೆಯಿಂದ ಮುಚ್ಚಿದ ಕರಗವನ್ನ ಕೈ ಹಿಡಿಯದೆ ತಲೆ ಮೇಲೆ ಹೊರ್ತಾರೆ. ಸುತ್ತ ಕತ್ತಿ ಹಿಡಿದ ವೀರಕುಮಾರರು. ತಿಗಳರು ತೋಟಗಾರರು. ಈ ಊರಿಗೆ ಹೂವು, ತರಕಾರಿ ಬೆಳೆದುಕೊಟ್ಟೋರು.

ಆ ರಾತ್ರಿ ಕರಗ ಪೇಟೆ ಸುತ್ತುವಾಗ ಹಜರತ್ ತವಕ್ಕಲ್ ಮಸ್ತಾನ್ ದರ್ಗಾಕ್ಕೂ ಹೋಗಿ ಬರುತ್ತೆ. ತವಕ್ಕಲ್ ಮಸ್ತಾನ್ ಹೈದರನ ಕಾಲದ ಸೂಫಿ ಸಂತ. ಕೋಟೆ ಕಟ್ಟುವಾಗ ಕೂಲಿಯವರ ಜೊತೆ ಕೆಲಸ ಮಾಡಿದ್ರು ಅಂತ ಹೇಳ್ತಾರೆ. ಯಾವ ಕಾಗದಕ್ಕೂ ಸಹಿ ಹಾಕದೆ ಪ್ರತಿ ವರ್ಷ ರಿನ್ಯೂ ಆಗೋ ಒಪ್ಪಂದ ಇದು. ಅಕೌಂಟ್ಸ್ ಭಾಷೆಯಲ್ಲಿ ಇದಕ್ಕೆ ಗುಡ್‌ವಿಲ್ ಅಂತಾರೆ. ಕಣ್ಣಿಗೆ ಕಾಣಲ್ಲ, ಮುಟ್ಟೋಕಾಗಲ್ಲ, ಆದ್ರೆ ಅಂಗಡಿ ನಡೆಯೋದು ಅದರಿಂದಲೇ.

ಭಾಗ 9/10 · 📍 ಅಂಬೇಡ್ಕರ್ ಬೀದಿ, 1868 ಮತ್ತು 1956

ರಸ್ತೆಯ ಈ ಕಡೆ ಕೆಂಪು ಕಟ್ಟಡ, ಆ ಕಡೆ ಬೂದು ಕಟ್ಟಡ. ಎದುರು ಬದುರು.

ಕೆಂಪನೆಯದು ಅಠಾರಾ ಕಚೇರಿ, ಈಗಿನ ಹೈಕೋರ್ಟ್. 1831ರಲ್ಲಿ ಬ್ರಿಟಿಷರು ಮೈಸೂರಿನ ಆಡಳಿತ ತಗೊಂಡ ಮೇಲೆ ಕಚೇರಿಗಳು ಬೆಂಗಳೂರಿಗೆ ಬಂದ್ವು. ಎಲ್ಲಿ ಕೂರಬೇಕು? ಟಿಪ್ಪುವಿನ ಅರಮನೆಯಲ್ಲಿ! ಹೌದು, ಭಾಗ 7ರ ಅದೇ ತೇಗದ ಮನೆ ಮೂವತ್ತಾರು, ಮೂವತ್ತೇಳು ವರ್ಷ ಸೆಕ್ರೆಟರಿಯೇಟ್ ಆಗಿತ್ತು. 1868ರ ಹೊತ್ತಿಗೆ ಈ ಹೊಸ ಕಟ್ಟಡ ಮುಗೀತು. ಹದಿನೆಂಟು ಇಲಾಖೆ ಇದ್ದಿದ್ದಕ್ಕೆ ಅಠಾರಾ. 1980ರ ದಶಕದಲ್ಲಿ ಇದನ್ನ ಕೆಡವೋ ಯೋಚನೆ ಬಂದಾಗ ನಾಗರಿಕರು ಕೋರ್ಟಿಗೆ ಹೋದ್ರು, ಸದ್ದು ಮಾಡಿದ್ರು. ಕಟ್ಟಡ ಉಳೀತು. ನಾವು ಸುಮ್ಮನಿದ್ದಿದ್ರೆ ಉಳಿಯುತ್ತಿರಲಿಲ್ಲ ಅನ್ನೋದು ನೆನಪಿಡಬೇಕಾದ ಮಾತು.

ಬೂದು ಬಣ್ಣದ್ದು ವಿಧಾನಸೌಧ. 1951ರ ಜುಲೈ 13ರಂದು ನೆಹರೂ ಅಡಿಗಲ್ಲು ಹಾಕಿದ್ರು. ಕೆಂಗಲ್ ಹನುಮಂತಯ್ಯನವರ ಕನಸು. ದ್ರಾವಿಡ ಶೈಲಿಯ ಕಂಬ, ಗೋಪುರ. ಹಾಗಾಗಿ ದೂರದಿಂದ ದೇವಸ್ಥಾನದ ಹಾಗೇ ಕಾಣುತ್ತೆ. ಮುಂಭಾಗದ ಮೇಲೆ "ಸರ್ಕಾರದ ಕೆಲಸ ದೇವರ ಕೆಲಸ" ಅಂತ ಬರೆದಿದೆ. ಖರ್ಚು ಸುಮಾರು ಒಂದು ಮುಕ್ಕಾಲು ಕೋಟಿ. ಆ ಕಾಲಕ್ಕೆ ಅದು ದೊಡ್ಡ ದುಡ್ಡು, ದುಂದುವೆಚ್ಚ ಅಂತ ಗಲಾಟೆನೂ ಆಯ್ತು. ಕಟ್ಟಡ 1956ರಲ್ಲಿ ಪೂರ್ತಿಯಾಗೋ ಹೊತ್ತಿಗೆ ಹನುಮಂತಯ್ಯನವರ ಮುಖ್ಯಮಂತ್ರಿ ಕುರ್ಚಿ ಹೋಗಿತ್ತು.

ಇಲ್ಲಿ ಸುಮಾರು ಐದು ಸಾವಿರ ಜನ ಕೆಲಸ ಮಾಡಿದ್ರು. ಕಲ್ಲುಕುಟಿಗರು, ಬಡಗಿಗಳು, ಜೊತೆಗೆ ಜೈಲಿನ ಕೈದಿಗಳು. ಅಡಿಗಲ್ಲು ಹಾಕಿದೋರ ಹೆಸರು ನಮಗೆ ಗೊತ್ತು, ಕಟ್ಟಿಸಿದೋರ ಹೆಸರು ಗೊತ್ತು. ಕಂಬ ಕೆತ್ತಿದೋರ ಹೆಸರು? ಲೆಡ್ಜರ್‌ನಲ್ಲಿ "ವೇಜಸ್ ಅಕೌಂಟ್" ಅಂತ ಒಂದೇ ಸಾಲಲ್ಲಿ ಎಲ್ಲರನ್ನೂ ಕೂಡಿಸಿ ಬರೀತೀವಲ್ಲ, ಹಾಗೇ ಆಯ್ತು. ಎಂಟನೇ ಶತಮಾನದ ಹಳ್ಳಿಯೋರು ಒಬ್ಬ ಸಾಮಾನ್ಯನ ಹೆಸರು ಕಲ್ಲಲ್ಲಿ ಬರೆಸಿದ್ರು. ಇಪ್ಪತ್ತನೇ ಶತಮಾನದ ನಾವು ಅಷ್ಟೊಂದು ಕಲ್ಲು ತಂದ್ವಿ, ಅದನ್ನ ಕೆತ್ತಿದೋರ ಹೆಸರು ಬರೆಸೋದು ನೆನಪಾಗಲಿಲ್ಲ.

ಭಾಗ 10/10 · ಹರಿದ ಪುಟ

ಈಗ ನನ್ನ ತಪ್ಪು.

ನಮ್ಮ ಅಜ್ಜಿ ಊರು ಬೆಂಗಳೂರಿನ ಅಂಚಲ್ಲಿತ್ತು. ಈಗ ಅದನ್ನ ಲೇಔಟ್ ಅಂತಾರೆ. ಆಂಜನೇಯನ ಗುಡಿ ಪಕ್ಕ ಒಂದು ಕಲ್ಲಿತ್ತು. ಮೇಲೆ ಕತ್ತಿ ಹಿಡಿದ ಒಬ್ಬ, ಕೆಳಗೆ ನಾಲ್ಕೈದು ಸಾಲು ಅಕ್ಷರ. ಅಜ್ಜಿ ಹಬ್ಬದ ದಿನ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, "ಇವನು ನಮ್ಮೂರು ಕಾಯ್ದೋನು ಕಣೋ" ಅಂತಿದ್ರು. ಯಾರಜ್ಜಿ ಅಂದ್ರೆ, "ಬರ್ದೈತಲ್ಲ, ಓದು ನೀನೇ. ಶಾಲೆಗೆ ಹೋಗೋದು ಯಾಕೆ?" ನಾನು ಅದರ ಮೇಲೆ ಕೂತು ಐಸ್‌ಕ್ಯಾಂಡಿ ತಿಂದೆ. ಓದಲಿಲ್ಲ.

ಪಿಯುಸಿಯಲ್ಲಿದ್ದಾಗ ಆ ಬೀದಿಗೆ ಕಾಂಕ್ರೀಟ್ ಬಂತು. ಮುಂದಿನ ಹಬ್ಬಕ್ಕೆ ಹೋದಾಗ ಕಲ್ಲು ಇರಲಿಲ್ಲ. ಅಡಿಯಲ್ಲಿ ಹೋಯ್ತೋ, ಲಾರಿಯಲ್ಲಿ ಹೋಯ್ತೋ ಯಾರಿಗೂ ಗೊತ್ತಿಲ್ಲ. ಅಜ್ಜಿ ಕುಂಕುಮದ ಬಟ್ಟಲು ಹಿಡ್ಕೊಂಡು ಖಾಲಿ ಜಾಗದ ಮುಂದೆ ಸ್ವಲ್ಪ ಹೊತ್ತು ನಿಂತು ವಾಪಸ್ ಬಂದ್ರು. ಆಮೇಲೆ ಆ ವಿಷಯ ಎತ್ತಲೇ ಇಲ್ಲ.

ಬೆಂಗಳೂರಲ್ಲೇ 1837ರಲ್ಲಿ ಹುಟ್ಟಿದ ಬಿ.ಎಲ್. ರೈಸ್ ಮೈಸೂರು ಸಂಸ್ಥಾನದ ಹಳ್ಳಿ ಹಳ್ಳಿಯ ಶಾಸನಗಳನ್ನ ದಾಖಲಿಸಿ "ಎಪಿಗ್ರಾಫಿಯಾ ಕರ್ನಾಟಿಕ" ಸಂಪುಟಗಳನ್ನ ತಂದ್ರು. ಬೆಂಗಳೂರು ಜಿಲ್ಲೆಯ ಸಂಪುಟ 1905ರದ್ದು. ಅದರಲ್ಲಿರೋ ಎಷ್ಟೋ ಕಲ್ಲುಗಳು ಇವತ್ತು ಜಾಗದಲ್ಲಿಲ್ಲ. ಪುಸ್ತಕದಲ್ಲಿದ್ದವಕ್ಕೆ ಕಾಪಿಯಾದ್ರೂ ಇದೆ. ಪುಸ್ತಕಕ್ಕೆ ಸೇರದೆ ಹೋದ ಕಲ್ಲಿಗೆ ಕಾಪಿನೂ ಇಲ್ಲ.

ನನ್ನ ಫೋನಲ್ಲಿ ಹನ್ನೊಂದು ಸಾವಿರ ಫೋಟೊ ಇವೆ. ಎಲ್ಲ ಹುಡುಕಿದೆ. ಕೊನೇ ಫೋಟೊ ನೋಡಿ: ಚಿಕ್ಕಪ್ಪನ ಮಗಳ ಬರ್ತ್‌ಡೇ. ಹಿಂದೆ ಎಡಗಡೆ ಮೂಲೆಯಲ್ಲಿ ಒಂದು ಕಲ್ಲಿನ ತುದಿ ಕಾಣುತ್ತಲ್ಲ, ಅದೇ ಅದು. ಜೂಮ್ ಮಾಡಿದ್ರೂ ಒಂದಕ್ಷರ ಓದೋಕಾಗಲ್ಲ.

ಕ್ಯಾಂಟೀನ್ ಪ್ರಶ್ನೆಗೆ ಉತ್ತರ: ಈ ಊರು ಯಾರದ್ದು? ಹತ್ತು ಭಾಗದ ವೋಚರ್‌ಗಳನ್ನ ಜೋಡಿಸಿ ನೋಡಿದೆ. ಹೆಸರು ಕನ್ನಡದ್ದು, ಅದರಲ್ಲಿ ಅನುಮಾನ ಬೇಡ. ಆದ್ರೆ ಯಾವ ಕಲ್ಲೂ "ನಾನು ಮೊದಲು ಬಂದೆ" ಅಂತ ಹೇಳಲ್ಲ. ಎಲ್ಲವೂ ಹೇಳೋದು "ನಾನು ಇದನ್ನ ಕೊಟ್ಟೆ" ಅಂತ. ಕಿತ್ತಯ್ಯ ಪ್ರಾಣ ಕೊಟ್ಟ. ಬೇಗೂರಿನವನು ಕೆರೆ ಕೆಳಗಿನ ಜಮೀನು ಕೊಟ್ಟ. ದೊಮ್ಮಲೂರಿನ ದಂಪತಿ ಬಾಗಿಲು ಕೊಟ್ರು. ಈ ಊರಿನ ಲೆಕ್ಕದಲ್ಲಿ ನಮ್ಮ ಹೆಸರು ಸೇರೋದು ಹುಟ್ಟಿದ ಜಾಗದಿಂದಲ್ಲ, ಕೊಟ್ಟಿದ್ದರಿಂದ.

ನಾವು ಕೊಡಬಹುದಾದ ಚಿಕ್ಕದೊಂದಿದೆ. ನಿಮ್ಮ ಬೀದಿ, ನಿಮ್ಮ ಅಜ್ಜಿ ಊರು, ಗುಡಿ ಹಿಂದೆ, ಕೆರೆ ಏರಿ ಮೇಲೆ ಅಕ್ಷರ ಇರೋ ಕಲ್ಲು ಇದ್ರೆ ಬೆಳಗ್ಗೆ ಅಥವಾ ಸಂಜೆ ಓರೆ ಬಿಸಿಲಲ್ಲಿ ಫೋಟೊ ತೆಗೀರಿ. ಆಗ ಅಕ್ಷರ ಎದ್ದು ಕಾಣುತ್ತೆ. ಬಣ್ಣ, ಸುಣ್ಣ, ಎಣ್ಣೆ ಹಚ್ಚಬೇಡಿ. ಕೆರೆದು ತೊಳೆಯಬೇಡಿ. ಜಾಗದ ಲೊಕೇಶನ್ ಬರೆದಿಡಿ. ಊರಿನ ಹಿರಿಯರಿಗೆ, ಶಾಸನ ಓದೋಕೆ ಬರೋ ಮೇಷ್ಟ್ರಿಗೆ ತೋರಿಸಿ. ನನ್ನ ಹಾಗೆ "ನಾಳೆ ನೋಡೋಣ" ಅನ್ಬೇಡಿ.

ಹಲಸೂರಿನ ಗೆಳೆಯ ಇದನ್ನ ಪೋಸ್ಟ್ ಮಾಡೋ ಮುಂಚೆ ಓದಿದ. "ಮುಂದಿನ ಭಾನುವಾರ ನಮ್ಮ ಏರಿಯಾ ಸೋಮೇಶ್ವರ ದೇವಸ್ಥಾನ, ನಾನು ಕರ್ಕೊಂಡು ಹೋಗ್ತೀನಿ, ಟೀ ನಿಂದು" ಅಂದಿದ್ದಾನೆ. ಬರೋರು ಹೇಳಿ, ಹಲಸೂರು ಮೆಟ್ರೋ ಹತ್ರ ಬೆಳಗ್ಗೆ ಏಳಕ್ಕೆ.

#ಬೆಂಗಳೂರು #ಶಾಸನ #ವೀರಗಲ್ಲು #ನಮ್ಮೂರಕಲ್ಲು #ಬಿಕಾಂಹುಡುಗನಇತಿಹಾಸ